ಹಿಂಗಾರಿ ಬಿಳಿಜೋಳದ ಸಾಗುವಳಿ: ಬಿತ್ತನೆಯಿಂದ ಸುಗ್ಗಿಯವರೆಗೆ

(ಯಾಪಲದಿನ್ನಿ ಮತ್ತು ಸುತ್ತಲಿನ ಗ್ರಾಮಗಳ ಭೂಹಿಡುವಳಿದಾರರಿಗೂ ಗ್ರಾಮಪ್ರಮುಖರಿಗೂ)

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯಲ್ಲಿ ಕಾಲುವೆಯ ನೀರು ಮುಟ್ಟದ ಎರೆಭೂಮಿಗೆ ಹಿಂಗಾರಿ ಜೋಳವೇ ಆಧಾರವು. ಇದರ ಕಾಳು ಮನುಷ್ಯರಿಗೆ ರೊಟ್ಟಿ, ದಂಟು ದನಗಳಿಗೆ ಮೇವು. ಪೈರು ಕೆಟ್ಟರೆ ಮನೆಯೂ ಕೊಟ್ಟಿಗೆಯೂ ಒಂದೇ ಸಲ ಬರಿದಾಗುವುವು. 1876-78ರ ಮಹಾಕ್ಷಾಮದಲ್ಲಿ ಈ ಸೀಮೆಯು ಅದನ್ನು ಕಂಡಿತು. ಈ ಪೈರು ಮಳೆಯಿಂದಲ್ಲ, ಮಳೆಯು ನೆಲದಲ್ಲಿ ಬಿಟ್ಟುಹೋದ ಹಸಿಯಿಂದ ಬೆಳೆಯತಕ್ಕದ್ದು. ಆದುದರಿಂದ ಹಸಿಯನ್ನು ಕಾಯುವುದೇ ಪೈರನ್ನು ಕಾಯುವುದೆಂದು ತಿಳಿಯಬೇಕು.

1. ಭೂಮಿಯ ಸಿದ್ಧತೆ

ಇಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಮಳೆ ಹೆಚ್ಚು. ಅದಕ್ಕೆ ಮುಂಚೆಯೇ ಹೊಲವನ್ನು ಸಣ್ಣ ಬದುಗಳಿಂದ ಚೌಕ ಮಡಿಗಳಾಗಿ ವಿಂಗಡಿಸಿದರೆ ನೀರು ಹರಿದುಹೋಗದೆ ಬಿದ್ದಲ್ಲಿಯೇ ಇಂಗುವುದು. ಕಸ ಹುಟ್ಟಿದಂತೆಲ್ಲ ಕುಂಟೆ ಹೊಡೆಯಬೇಕು. ಕಸವು ಕುಡಿದ ನೀರು ಜೋಳಕ್ಕೆ ದೊರೆಯಲಾರದು. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬಿತ್ತನೆಗೆ ಕೆಲವು ವಾರ ಮೊದಲೇ ಮಣ್ಣಿನಲ್ಲಿ ಬೆರೆಸಬೇಕು.

2. ಬೀಜ

ಹಳೆಯ ಮಾಲದಂಡಿ ಜೋಳದಿಂದ ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ. 35-1 ಎಂಬ ತಳಿಯು ಇಂದಿಗೂ ಈ ನೆಲಕ್ಕೆ ಒಗ್ಗುವುದು. ಅದರ ಅವಧಿ ಸುಮಾರು 120 ದಿನ. ಎಕರೆಗೆ 3 ಕಿಲೋ ಬೀಜ ಸಾಕು.

ಕಾಡಿಗೆ ರೋಗದ ಕಪ್ಪು ಪುಡಿಯು ಒಕ್ಕಣೆಯ ಕಾಲದಲ್ಲಿ ಒಳ್ಳೆಯ ಕಾಳಿಗೂ ಅಂಟಿಕೊಂಡು ಮರುವರ್ಷದ ತೆನೆಯನ್ನು ಕೆಡಿಸುವುದು. ಆದುದರಿಂದ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ನುಣುಪಾದ ಗಂಧಕದ ಪುಡಿಯನ್ನು ಸವರಿ ಬಿತ್ತತಕ್ಕದ್ದು. ಹೀಗೆ ಸವರಿದ ಬೀಜದಲ್ಲಿ ಮಿಕ್ಕದ್ದನ್ನು ಬೀಸಿ ಉಣ್ಣಬಾರದು, ದನಗಳಿಗೂ ಹಾಕಬಾರದು.

3. ಬಿತ್ತನೆ

ಉತ್ತರೆ ಮಳೆಯಿಂದ ಹಸ್ತದ ಮಳೆ ಮುಗಿಯುವವರೆಗೆ, ಎಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಹತ್ತು ದಿನಗಳವರೆಗೆ, ಬಿತ್ತನೆಗೆ ಒಳ್ಳೆಯ ಕಾಲವು. ಕೂರಿಗೆಯ ಸಾಲಿನಿಂದ ಸಾಲಿಗೆ 18 ಅಂಗುಲ ಇರಬೇಕು. ಬೀಜವು ಎರಡು ಅಂಗುಲಕ್ಕೆ ಕಡಿಮೆಯಿಲ್ಲದೆ ಹಸಿಮಣ್ಣಿನಲ್ಲಿ ಬೀಳಬೇಕು.

ತಡವಾದ ಬಿತ್ತನೆಗೆ ಎರಡು ಕೇಡುಗಳುಂಟು. ತೆನೆ ಕಟ್ಟುವ ಹೊತ್ತಿಗೆ ನೆಲದ ಹಸಿ ಆರುವುದು ಒಂದು. ಸುಳಿನೊಣದ ಕಾಟ ಇನ್ನೊಂದು. ಈ ನೊಣವು ಎಳೆಯ ಎಲೆಯ ಕೆಳಮೈಯಲ್ಲಿ ಬಿಳಿಯ ಮೊಟ್ಟೆಯಿಡುವುದು. ಮೊಟ್ಟೆಯೊಡೆದ ಹುಳುವು ಸುಳಿಯೊಳಗೆ ಇಳಿದು ಅದನ್ನು ಕತ್ತರಿಸುವುದರಿಂದ ನಡುವಿನ ಎಲೆ ಒಣಗುವುದು, ಎಳೆದರೆ ಸುಲಭವಾಗಿ ಕಿತ್ತುಬರುವುದು. ಮೊದಲು ಬಿತ್ತಿದ ಹೊಲಗಳಲ್ಲಿ ಹೆಚ್ಚಿದ ನೊಣವು ಹಿಂದೆ ಬಿತ್ತಿದವರ ಹೊಲಕ್ಕೆ ಹೋಗಿ ಎರಗುವುದು.

ಇಲ್ಲಿ ಗ್ರಾಮಪ್ರಮುಖರ ಹೊಣೆಯಿದೆ. ಎತ್ತು ಕೂರಿಗೆಗಳಿಲ್ಲದ ಸಣ್ಣ ಹಿಡುವಳಿದಾರನು ಉಳ್ಳವರ ಕೆಲಸ ಮುಗಿಯುವ ತನಕ ಕಾಯುವನು. ನೊಣದ ಬಾಯಿಗೆ ಬೀಳುವುದು ಅವನ ಹೊಲವೇ. ಹಿರಿಯರು ಮುಂದಾಗಿ ಮುಯ್ಯಾಳಿನ ಏರ್ಪಾಟು ಮಾಡಿ, ಊರ ಬಿತ್ತನೆಯೆಲ್ಲ ಒಂದೆರಡು ವಾರದೊಳಗೆ ಮುಗಿಯುವಂತೆ ನೋಡಿಕೊಂಡರೆ ಈ ನಷ್ಟವು ಬಹಳಮಟ್ಟಿಗೆ ತಪ್ಪುವುದು.

4. ಮಧ್ಯಂತರ ಆರೈಕೆ

ಮೂರು ವಾರದೊಳಗೆ ಸಸಿಗಳನ್ನು ತೆಳುಮಾಡಿ ಗಿಡದಿಂದ ಗಿಡಕ್ಕೆ 6 ಅಂಗುಲ ಬಿಡಬೇಕು. ಆಗ ಎಕರೆಗೆ ಸುಮಾರು 58,000 ಗಿಡ ನಿಲ್ಲುವುವು. ಇದಕ್ಕಿಂತ ಒತ್ತಾದರೆ ಹಸಿ ಸಾಲದೆ ದಂಟಿನ ಬುಡ ಕೊಳೆತು ಗಿಡಗಳು ಕಾಳು ತುಂಬುವಾಗಲೇ ಮುರಿದುಬೀಳುವುವು. ಸುಳಿ ಒಣಗಿದ ಸಸಿಗಳನ್ನು ಮೊದಲು ಕಿತ್ತು ನಾಶಮಾಡಬೇಕು.

ಎಚ್ಚರಿಕೆ: ಕಿತ್ತ ಎಳೆಯ ಸಸಿಗಳನ್ನು ದನಗಳಿಗೆ ಹಾಕಬಾರದು. ಎಳೆಯ ಜೋಳದಲ್ಲಿಯೂ, ನೀರಿಲ್ಲದೆ ಬಾಡಿದ ಗಿಡದಲ್ಲಿಯೂ, ಕೊಯ್ಲಿನ ನಂತರದ ಕೂಳೆಚಿಗುರಿನಲ್ಲಿಯೂ ವಿಷವಿರುವುದು. ಅದನ್ನು ಮೇದ ದನವು ಸ್ವಲ್ಪ ಹೊತ್ತಿನಲ್ಲಿಯೇ ಸಾಯಬಹುದು.

ಎಡೆಕುಂಟೆಯನ್ನು ಮೂರು ಸಲವಾದರೂ ಹೊಡೆಯಬೇಕು. ಎರೆಭೂಮಿಯು ಆರಿದಂತೆ ಬಿರಿಯುವುದು, ಆ ಬಿರುಕುಗಳಿಂದ ಆಳದ ಹಸಿಯೂ ಹೊರಟುಹೋಗುವುದು. ಕುಂಟೆಯು ಎಬ್ಬಿಸಿದ ಪುಡಿಮಣ್ಣು ಬಿರುಕನ್ನು ಮುಚ್ಚಿ ನೆಲಕ್ಕೆ ಹೊದಿಕೆಯಾಗುವುದು. ಕಸವಿಲ್ಲವೆಂದು ಈ ಕೆಲಸವನ್ನು ಬಿಡತಕ್ಕದ್ದಲ್ಲ.

5. ಸುಗ್ಗಿ ಮತ್ತು ಶೇಖರಣೆ

ತೆನೆ ಹಾಲುಗಾಳಾದಾಗಿನಿಂದ ಹಕ್ಕಿಗಳ ಕಾವಲು ಬೇಕು. ಕಾಡಿಗೆ ತೆನೆಗಳು ಕಂಡರೆ ಬಟ್ಟೆಯ ಚೀಲ ಹಾಕಿ, ಪುಡಿ ಉದುರದಂತೆ ಕತ್ತರಿಸಿ ಸುಡಬೇಕು. ಅವು ಕಣಕ್ಕೆ ಬರಕೂಡದು.

ಕಾಳನ್ನು ಬಿಡಿಸಿ ನೋಡಿದಾಗ ಅದರ ಬುಡದಲ್ಲಿ ಕಪ್ಪು ಚುಕ್ಕೆ ಕಂಡರೆ ಬಲಿತಿದೆಯೆಂದು ತಿಳಿಯಬೇಕು. ಬಳಿಕ ಕೊಯ್ದು, ತೆನೆಗಳನ್ನು ಬಿಸಿಲಿನಲ್ಲಿ ಒಣಗಿಸಿ ಒಕ್ಕಬೇಕು. ಹಲ್ಲಿನಿಂದ ಕಡಿದಾಗ ಕಟ್ಟನೆ ಒಡೆಯುವ ಕಾಳನ್ನೇ ಕಣಜಕ್ಕೆ ಅಥವಾ ಹಗೇವಿಗೆ ತುಂಬತಕ್ಕದ್ದು. ಹಸಿಗಾಳಿಗೆ ಹುಳುವೂ ಬೂಷ್ಟೂ ಬೇಗ ಹತ್ತುವುವು. ದಂಟನ್ನು ಒಣಗಿಸಿ ಬಣವೆ ಒಟ್ಟಿದರೆ ಬೇಸಿಗೆಯುದ್ದಕ್ಕೂ ಮೇವಾಗುವುದು.

ಮರುವರ್ಷದ ಬೀಜಕ್ಕೆ ಕೊಯ್ಲಿಗೆ ಮುಂಚೆಯೇ ಹೊಲದಲ್ಲಿ ನಡೆದು, ರೋಗವಿಲ್ಲದ ತುಂಬುತೆನೆಗಳನ್ನು ಆರಿಸಿ ಬೇರೆಯಾಗಿಡಬೇಕು. ರಾಶಿಯಾದ ಮೇಲೆ ಒಳ್ಳೆಯ ಗಿಡ ಯಾವುದೆಂದು ಗುರುತಿಸಲಾಗದು.