ಉಯಿಲಿನ ಕಡತವನ್ನೂ ತಡಕಿ ನೋಡಿ

ಸ್ಕಾಟ್ಲೆಂಡಿನ ಪೂರ್ವಜರನ್ನು ಹುಡುಕುವವರು ಚರ್ಚಿನ ಪುಸ್ತಕಗಳಿಗೇ ಜೋತುಬೀಳುತ್ತಾರೆ. ಹಳೆಯ ಉಯಿಲುಗಳತ್ತಲೂ ಕಣ್ಣು ಹಾಯಿಸಿ. ಹೆಚ್ಚುಕಡಿಮೆ 1823ರವರೆಗೆ ಅವು ಕಮಿಸರಿ ಕೋರ್ಟುಗಳಲ್ಲಿ, ಆಮೇಲೆ ಶೆರಿಫ್ ಕೋರ್ಟುಗಳಲ್ಲಿ ದಾಖಲಾದವು. ಉಯಿಲು ಬರೆಯದೆ ಸತ್ತವರ ಕಡತವೂ ಸಿಗಬಹುದು. ಆಗ ಸತ್ತವರ ಆಸ್ತಿಯನ್ನು ವಿಲೇವಾರಿ ಮಾಡಲು ಕೋರ್ಟೇ ಹತ್ತಿರದ ಬಂಧುವನ್ನೋ ಸಾಲ ಕೊಟ್ಟವನನ್ನೋ ನೇಮಿಸುತ್ತಿತ್ತು. ಕಡತದಲ್ಲಿರುವ ಆಸ್ತಿಪಟ್ಟಿ ಓದುವುದೇ ಒಂದು ಸುಖ: ಹಸು, ಓಟ್ಸ್, ಬಾಕಿ ಗೇಣಿ, ಆಳಿಗೆ ಕೊಡಬೇಕಿದ್ದ ಸಂಬಳ. ಜಮೀನು ಮಾತ್ರ ಅಲ್ಲಿರದು. 1868ರವರೆಗೆ ಅದನ್ನು ಉಯಿಲಿನಲ್ಲಿ ಬರೆಯುವಂತಿರಲಿಲ್ಲ. ಜಮೀನಿನ ವಾರಸುದಾರಿಕೆಯ ಕಡತಗಳೇ ಬೇರೆ. ಉಯಿಲಿನಲ್ಲಿ ಹಿರಿಮಗನ ಹೆಸರು ಕಾಣಲಿಲ್ಲವೆಂದು ಗಾಬರಿಯಾಗಬೇಡಿ, ಹೊಲ ಅವನ ಪಾಲಿಗೆ ಹೋಗಿರಬಹುದು. ಹೆಂಗಸರನ್ನು ತವರಿನ ಹೆಸರಿನಲ್ಲೂ ಹುಡುಕಿ. ಸ್ಕಾಟ್ಲೆಂಡ್ ಬಿಟ್ಟು ಹೋಗಿ ಮದರಾಸಿನಲ್ಲೋ ಜಮೈಕಾದಲ್ಲೋ ತೀರಿಕೊಂಡವನ ಕಾಗದಪತ್ರಕ್ಕೆ ಎಡಿನ್‌ಬರೋ ಕೋರ್ಟಿನ ದಾಖಲೆ ನೋಡಿ.