ದಿಕ್ಕು ನೋಡುವ ಮೊದಲು ನೆಲ ನೋಡಿ

ಫೆಂಗ್ ಶೂಯಿ ಪ್ರಕಾರ ಮನೆ ಸಜ್ಜುಗೊಳಿಸಲು ಹೊರಟಿದ್ದೀರಾ? ಬಾಗಿಲಿಗೆ ಗಾಳಿಗಂಟೆ, ಪಡಸಾಲೆಯಲ್ಲಿ ನಗುವ ಬುದ್ಧ ಇಟ್ಟರೆ ಯಾರಿಗೂ ತೊಂದರೆಯಿಲ್ಲ. ಆದರೆ ಅದಕ್ಕಾಗಿ ಗೋಡೆ ಒಡೆಯುವ, ಕಿಟಕಿ ಮುಚ್ಚುವ ಅವಸರ ಬೇಡ. ಈ ಶಾಸ್ತ್ರ ಹುಟ್ಟಿದ್ದು ಚೀನಾದಲ್ಲಿ. ಅಲ್ಲಿ ಚಳಿಗಾಲದ ಕೊರೆಯುವ ಗಾಳಿ ಉತ್ತರದಿಂದ ಬೀಸುತ್ತದೆ. ಹಾಗಾಗಿ ಬಾಗಿಲು ದಕ್ಷಿಣಕ್ಕಿದ್ದರೆ ಒಳ್ಳೆಯದೆಂದರು. ನಮ್ಮ ವಾಸ್ತು ಅದೇ ದಕ್ಷಿಣದ ಬಾಗಿಲಿಗೆ ಅಂಜುತ್ತದೆ. ಫೆಂಗ್ ಶೂಯಿಯವರು ಸಂಪತ್ತಿಗೆಂದು ಕಾರಂಜಿ ಇಡಿಸುವ ಆಗ್ನೇಯ ಮೂಲೆ ವಾಸ್ತುವಿನಲ್ಲಿ ಒಲೆಯ ಜಾಗ. ಎರಡನ್ನೂ ಒಂದೇ ಮನೆಯಲ್ಲಿ ನಡೆಸಹೊರಟರೆ ಕೆಡವಿ ಕಟ್ಟುವುದೇ ಕೆಲಸವಾದೀತು.

ನಮ್ಮ ಬೆಳಗಾವಿ ಸೀಮೆಗೆ ಅದರದೇ ನೆಲ, ಅದರದೇ ಗಾಳಿ ಇದೆ. ಬೈಲಹೊಂಗಲ, ಸವದತ್ತಿಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಗೋಡೆ ಸೀಳಿದರೆ ದಿಕ್ಕಿನ ದೋಷ ಹುಡುಕದೆ ಬುನಾದಿಯನ್ನು ಬಲ್ಲವರಿಗೆ ತೋರಿಸಿ. ಕಿತ್ತೂರಿನ ಕಡೆ ಮುಂಗಾರು ಪಡುವಣದಿಂದ ಹೊಡೆಯುತ್ತದೆ. ಆ ದಿಕ್ಕಿನ ಗೋಡೆಗೆ ಮರೆ ಮಾಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಮನೆಗಳಿಗೆ ನುಗ್ಗಿದಾಗ ನೀರು ಬಾಗಿಲಿನ ದಿಕ್ಕು ಕೇಳಲಿಲ್ಲ. ಹೊಳೆದಂಡೆಯಲ್ಲಿ ಕಟ್ಟುವವರು ಮೊದಲು ಎತ್ತರ ನೋಡಿ. ಹಳೆಯ ಮಾಳಿಗೆ ಮನೆಯ ಬೆಳಕಿಂಡಿ ಮುಚ್ಚಬೇಡಿ. ಒಲೆಯ ಹೊಗೆ ಹೋಗುವುದು, ನಡುಮನೆಗೆ ಬೆಳಕು ಬೀಳುವುದು ಅಲ್ಲಿಂದಲೇ. ಕಾರಂಜಿ ಇಟ್ಟರೆ ವಾರಕ್ಕೊಮ್ಮೆ ನೀರು ಚೆಲ್ಲಿ, ತಿಕ್ಕಿ ತುಂಬಿ. ಇಲ್ಲದಿದ್ದರೆ ಡೆಂಗಿ ಸೊಳ್ಳೆ ಬೆಳೆಯುತ್ತದೆ. “ಮನಸ್ಸಿಗೆ ಸಮಾಧಾನ ಸಿಗುತ್ತದಲ್ಲ” ಎನ್ನುತ್ತೀರಿ, ನಿಜ. ಅಡ್ಡಾಡಲು ಜಾಗ, ಬೆಳಕು, ಸ್ವಚ್ಛತೆ ಕೊಡುವ ಸಲಹೆ ಯಾವ ಶಾಸ್ತ್ರದ್ದಾದರೂ ತಗೊಳ್ಳಿ. ಸಾಲ ಮಾಡಿಸುವ ಸಲಹೆ ಮಾತ್ರ ಬಿಡಿ.