ಮನಸ್ಸೂ ನ್ಯಾಯವೂ

ಜ್ವರ ಬಂದವನ ನಾಡಿಯನ್ನು ಹಿಡಿದು ನೋಡುವ ಪದ್ಧತಿ ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಆದರೆ ಮನಸ್ಸಿಗೆ ಬೇನೆ ಬಂದಾಗ ಹಿಡಿದು ನೋಡಲು ನಾಡಿಯಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಹಳ್ಳಿಗಳಲ್ಲಿ ಇಂತಹ ಬೇನೆಯನ್ನು ಗಾಳಿ ಸೋಕಿತೆಂದೋ ಯಾರೋ ಮಾಟ ಮಾಡಿಸಿದರೆಂದೋ ತಿಳಿದು ರೋಗಿಯನ್ನು ಗುಡಿ, ದರ್ಗಾಗಳಿಗೆ ಕರೆದೊಯ್ಯುವುದು ವಾಡಿಕೆಯಾಗಿತ್ತು. ಇಂದಿಗೂ ಅದು ಪೂರ್ತಿಯಾಗಿ ನಿಂತಿಲ್ಲ. ಧಾರವಾಡದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮನೋರೋಗಿಗಳಿಗಾಗಿ ಆಸ್ಪತ್ರೆಯೊಂದು ಇದ್ದಿತು. ಜನರು ಅದನ್ನು ಹುಚ್ಚರ ಆಸ್ಪತ್ರೆಯೆಂದೇ ಕರೆದರು. ಆ ಕಾಲದ ದೃಷ್ಟಿಯಲ್ಲಿ ರೋಗಿಯನ್ನು ಗುಣಪಡಿಸುವುದಕ್ಕಿಂತ ಕಟ್ಟಿಡುವುದೇ ಮುಖ್ಯವಾಗಿತ್ತು. ಅದೇ ಆಸ್ಪತ್ರೆ ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಡಿಮ್ಹಾನ್ಸ್ ಎಂಬ ಚಿಕ್ಕ ಹೆಸರಿನಿಂದ ಅದು ಎಲ್ಲರಿಗೂ ಪರಿಚಿತವಾಗಿದೆ.

ಇಂತಹ ಸಂಸ್ಥೆಗಳಲ್ಲಿ ಇಬ್ಬರು ಬೇರೆ ಬೇರೆ ತಜ್ಞರಿರುತ್ತಾರೆ. ಮನೋವೈದ್ಯನು ವೈದ್ಯಶಾಸ್ತ್ರವನ್ನು ಓದಿದವನು. ಔಷಧವನ್ನು ಬರೆದುಕೊಡುವ ಅಧಿಕಾರ ಅವನದು. ಚಿಕಿತ್ಸಾ ಮನಶ್ಶಾಸ್ತ್ರಜ್ಞನು ಔಷಧವನ್ನು ಕೊಡುವುದಿಲ್ಲ. ಮಾತು, ಅವಲೋಕನ, ಪರೀಕ್ಷೆ ಇವೇ ಅವನ ಉಪಕರಣಗಳು. ರೋಗಿಯ ಭಯ ಯಾವಾಗ ಹುಟ್ಟಿತು, ಯಾವ ಆಲೋಚನೆ ಅದನ್ನು ಬೆಳೆಸುತ್ತಿದೆ ಎಂಬುದನ್ನು ವಾರಗಟ್ಟಲೆ ಸಂಭಾಷಣೆಯಿಂದ ಬಿಡಿಸಿ, ಬೇರೆ ರೀತಿಯಲ್ಲಿ ಆಲೋಚಿಸುವುದನ್ನು ಆತ ರೂಢಿ ಮಾಡಿಸುತ್ತಾನೆ.

ಪರೀಕ್ಷೆಗಳ ವಿಷಯದಲ್ಲಿ ಕನ್ನಡಕ್ಕೆ ಒಂದು ಹಿರಿಮೆಯಿದೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸೀಮೋನ್ ಎಂಬ ವಿದ್ವಾಂಸರು, ಶಾಲೆಯ ಪಾಠದಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಲು ಪ್ರಶ್ನೆಗಳ ಮಾಲೆಯೊಂದನ್ನು ರಚಿಸಿದರು. ವಿ. ವಿ. ಕಾಮತರು ಆ ಕ್ರಮವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಅದರ ಮೇಲೆ ಗ್ರಂಥವನ್ನೂ ಬರೆದರು. ಬಿನೆ–ಕಾಮತ ಪರೀಕ್ಷೆಯೆಂದು ಪ್ರಸಿದ್ಧವಾದ ಇದರಲ್ಲಿ ಪ್ರತಿಯೊಂದು ವಯಸ್ಸಿಗೂ ತಕ್ಕ ಪ್ರಶ್ನೆಗಳಿವೆ. ಹತ್ತು ವರ್ಷದ ಬಾಲಕನು ಎಂಟು ವರ್ಷದವರ ಮಟ್ಟದವರೆಗೆ ಮಾತ್ರ ಉತ್ತರಿಸಿದರೆ ಅವನ ಮಾನಸಿಕ ವಯಸ್ಸು ಎಂಟು. ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ದೊರೆಯುವ 80 ಎಂಬುದೇ ಅವನ ಬುದ್ಧಿಸೂಚ್ಯಂಕ.

ಈ ಅಂಕಿ ಉಪಯುಕ್ತವೂ ಹೌದು, ಅಪಾಯಕರವೂ ಹೌದು. ಕಡಲೆ, ಹತ್ತಿಗಳ ಹೊಲದಲ್ಲಿ ಬೆಳೆದ ಮಗುವಿಗೆ ಅದು ಎಂದೂ ಕಾಣದ ವಸ್ತುವಿನ ಹೆಸರನ್ನು ಕೇಳಿ, ಉತ್ತರ ಬಾರದಿದ್ದಾಗ ದಡ್ಡನೆಂದು ಬರೆದುಬಿಡುವುದು ಸುಲಭ. ತೊಂಬತ್ತು ವರ್ಷಗಳ ಹಿಂದಿನ ಮಕ್ಕಳಿಂದ ಸಿದ್ಧವಾದ ಅಳತೆಗೋಲು ಇಂದಿನ ಮಕ್ಕಳಿಗೆ ಸರಿಹೊಂದೀತೆ ಎಂಬ ಪ್ರಶ್ನೆಯೂ ಇದೆ. ಆದುದರಿಂದ ಬಲ್ಲ ಮನಶ್ಶಾಸ್ತ್ರಜ್ಞನು ಅಂಕಿಯೊಂದನ್ನೇ ನಂಬುವುದಿಲ್ಲ. ಮಗು ತಾನೇ ಉಣ್ಣಬಲ್ಲುದೇ, ಅಂಗಡಿಗೆ ಹೋಗಿ ಚಿಲ್ಲರೆಯನ್ನು ಎಣಿಸಿ ತರಬಲ್ಲುದೇ ಎಂದು ತಾಯಿಯನ್ನು ವಿಚಾರಿಸುತ್ತಾನೆ.

ಇದೇ ವಿದ್ಯೆ ನ್ಯಾಯಾಲಯಕ್ಕೆ ಬಂದಾಗ ಅದಕ್ಕೆ ನ್ಯಾಯ ಮನಶ್ಶಾಸ್ತ್ರವೆಂದು ಹೆಸರು. ಒಬ್ಬ ರೈತನಿಗೆ ಯಾರೂ ಇಲ್ಲದಲ್ಲಿ ಧ್ವನಿಗಳು ಕೇಳಿಸುತ್ತಿವೆ, ತಮ್ಮನೇ ತನಗೆ ವಿಷವಿಕ್ಕುವನೆಂದು ನಂಬಿ ಅವನ ಮೇಲೆ ಕೊಡಲಿಯೆತ್ತಿದನು ಎಂದು ಭಾವಿಸೋಣ. ಅವನು ಅಪರಾಧಿಯೇ? ಇಂಗ್ಲೆಂಡಿನಲ್ಲಿ 1843ರ ಮ್ಯಾಕ್‌ನಾಟನ್ ಪ್ರಕರಣದಲ್ಲಿ ಈ ಪ್ರಶ್ನೆ ಎದ್ದಿತು. ಅದರಿಂದ ಹುಟ್ಟಿದ ನಿಯಮವೇ 1860ರ ಭಾರತೀಯ ದಂಡ ಸಂಹಿತೆಯ 84ನೆಯ ಕಲಮಾಗಿ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಾಗಿ ಉಳಿದು ಬಂದಿದೆ. ಕೃತ್ಯವನ್ನೆಸಗುವ ಕಾಲದಲ್ಲಿ ಮನೋವಿಕಾರದಿಂದಾಗಿ ತಾನು ಮಾಡುತ್ತಿರುವುದೇನು, ಅದು ತಪ್ಪೇ ಎಂಬುದನ್ನು ಅರಿಯಲಾರದವನ ಕೃತ್ಯವು ಅಪರಾಧವಲ್ಲ. ಆದರೆ ಆರೋಪಿಯನ್ನು ಪರೀಕ್ಷಿಸುವ ಹೊತ್ತಿಗೆ ತಿಂಗಳುಗಳೇ ಕಳೆದಿರಬಹುದು. ಅಂದಿನ ಮನಃಸ್ಥಿತಿಯನ್ನು ಮನೆಯವರ ಮಾತು, ನೆರೆಯವರ ನೆನಪು, ಹಳೆಯ ಔಷಧದ ಚೀಟಿ ಇವುಗಳಿಂದ ಕಟ್ಟಿಕೊಳ್ಳಬೇಕು. ಶಿಕ್ಷೆಗೆ ಅಂಜಿ ಹುಚ್ಚನಂತೆ ನಟಿಸುವವರೂ ಉಂಟು. ನಟಿಸುವವನು ಸಾಮಾನ್ಯವಾಗಿ ನಿಜವಾದ ರೋಗಿಗಿಂತ ಹೆಚ್ಚು ಲಕ್ಷಣಗಳನ್ನು ತೋರಿಸುತ್ತಾನೆ! ವಿಚಾರಣೆಯನ್ನು ತಿಳಿದುಕೊಳ್ಳುವ ಶಕ್ತಿ ಆರೋಪಿಗೆ ಈಗ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. 2023ರ ನಾಗರಿಕ ಸುರಕ್ಷಾ ಸಂಹಿತೆಯು ಇಂತಹ ಆರೋಪಿಯನ್ನು ಮನೋವೈದ್ಯನ ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞನ ಬಳಿಗೆ ಕಳುಹಿಸಬೇಕೆಂದು ಹೇಳುತ್ತದೆ.

ಮನಸ್ಸಿನೊಳಗನ್ನು ಬಲಾತ್ಕಾರದಿಂದ ತೆರೆಯಬಹುದೇ? ಈ ಶತಮಾನದ ಆರಂಭದಲ್ಲಿ ಪೊಲೀಸರು ಆರೋಪಿಗಳಿಗೆ ಮತ್ತು ಬರಿಸುವ ಔಷಧವನ್ನು ಚುಚ್ಚಿಸಿ, ಅರೆಪ್ರಜ್ಞೆಯಲ್ಲಿರುವಾಗ ಪ್ರಶ್ನಿಸುವ ಮಂಪರು ಪರೀಕ್ಷೆಯನ್ನು ಬಹಳವಾಗಿ ನೆಚ್ಚಿಕೊಂಡಿದ್ದರು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ಹೆಸರು ಆಗ ದಿನಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣುತ್ತಿತ್ತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ತಡೆ ಹಾಕಿತು. ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳು ನಕ್ಷೆ ಇವು ಮೂರನ್ನೂ ಯಾರ ಮೇಲೂ ಒಪ್ಪಿಗೆಯಿಲ್ಲದೆ ನಡೆಸಕೂಡದು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂಬ ಸಂವಿಧಾನದ 20ನೆಯ ವಿಧಿಗೆ ಅದು ವಿರುದ್ಧವೆಂದು ತೀರ್ಮಾನಿಸಿತು. ಮತ್ತಿನಲ್ಲಿ ಆಡಿದ ಮಾತೆಲ್ಲವೂ ಸತ್ಯವೆಂದು ವಿಜ್ಞಾನವೂ ಹೇಳುವುದಿಲ್ಲ. ಆ ಸ್ಥಿತಿಯಲ್ಲಿ ಮನುಷ್ಯನು ಕೇಳುವವನ ಸೂಚನೆಗೆ ಒಲಿದು ಇಲ್ಲದುದನ್ನೂ ಹೇಳಿಬಿಡಬಲ್ಲನು.

ಈ ವೃತ್ತಿಯನ್ನು ಬಯಸುವವರು ಮನಶ್ಶಾಸ್ತ್ರದಲ್ಲಿ ಪದವಿಯನ್ನೂ ಸ್ನಾತಕೋತ್ತರ ಪದವಿಯನ್ನೂ ಪಡೆಯಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರವೂ ಅಪರಾಧಶಾಸ್ತ್ರವೂ ಬೋಧಿಸಲ್ಪಡುತ್ತವೆ. ಆ ಬಳಿಕ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ತರಬೇತಿಯನ್ನು ಹೊಂದಿ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ಹೆಸರನ್ನು ನೋಂದಾಯಿಸಬೇಕು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ, 1974ರಿಂದ ನಿಮ್ಹಾನ್ಸ್ ಎನಿಸಿಕೊಂಡ ಸಂಸ್ಥೆ ಇಂತಹ ತರಬೇತಿಗೆ ದೇಶದಲ್ಲಿಯೇ ಹೆಸರಾದುದು. ಓದಿ ಬಂದವರಲ್ಲಿ ಹಲವರು ನಗರಗಳಲ್ಲಿಯೇ ನಿಂತುಬಿಡುತ್ತಾರೆ. ಕುಂದಗೋಳದ ರೋಗಿಯೊಬ್ಬನು ದಿನದ ಕೂಲಿಯನ್ನು ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬಸ್ಸು ಹಿಡಿದು ಧಾರವಾಡಕ್ಕೆ ಬರಬೇಕಾಗುತ್ತದೆ. ಅಷ್ಟು ದೂರ ಬರಲಾಗದವರು ಮಾತನಾಡಲೆಂದು 2022ರಲ್ಲಿ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಆರಂಭವಾಯಿತು. 14416 ಎಂಬ ಆ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ.